‘ಹೇಳಿದ್ದೀನಿ’ ಅಂದರೆ ಮುಗಿಯಿತು

ನನ್ನ ಜೀವನದ ಅರ್ಧ ಕೆಲಸಗಳು ‘ಹೇಳಿದ್ದೀನಿ’ ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗಿವೆ ಎಂದು ಒಪ್ಪಿಕೊಳ್ಳಲು ನನಗೇನೂ ಸಂಕೋಚವಿಲ್ಲ. ನಲ್ಲಿ ಸೋರುತ್ತಿದೆಯೆಂದು ಹೆಂಡತಿ ರೇಗಿದರೆ ‘ಪ್ಲಂಬರ್‌ಗೆ ಹೇಳಿದ್ದೀನಿ ಕಣೇ’ ಎನ್ನುತ್ತೇನೆ. ಹೇಳಿದ ಮೇಲೂ ಸೋರಿದರೆ ಅದು ಪ್ಲಂಬರ್‌ನ ತಪ್ಪು. ‘ನಿಮ್ಮನ್ನ ಕಟ್ಕೊಂಡಿದ್ದಕ್ಕೆ ನಾನು ಯಾರಿಗೆ ಹೇಳ್ಲಿ?’ ಎಂದು ಗೊಣಗುತ್ತಾ ಅವಳು ಬಕೆಟ್ ಬದಲಾಯಿಸುತ್ತಾಳೆ.

ಇಂಥವನ ಕೈಗೆ ನಮ್ಮ ಜಿಗಣಿಯ ಕಾರ್ಖಾನೆಯವರು ಹೊಸ ಸಾಫ್ಟ್‌ವೇರ್ ಕೊಟ್ಟರು. ನಾನು ಅಲ್ಲಿ ಎಚ್.ಆರ್. ವಿಭಾಗದಲ್ಲಿದ್ದೆ. ಮೇಲ್, ಕ್ಯಾಲೆಂಡರ್, ಮಾಡಬೇಕಾದ ಕೆಲಸಗಳ ಪಟ್ಟಿ, ಎಲ್ಲವೂ ಒಂದೇ ಕಡೆ. ಅದರಲ್ಲಿ ‘ಅಸೈನ್’ ಎಂಬ ಗುಂಡಿ ಕಂಡಾಗ ನನಗೆ ನಿಜಕ್ಕೂ ಕಣ್ಣು ತುಂಬಿ ಬಂತು. ಕೆಲಸದ ಮುಂದೆ ಇನ್ನೊಬ್ಬರ ಹೆಸರು ಹಾಕಿ ಒತ್ತಿದರೆ ಸಾಕು, ನನ್ನ ಪಟ್ಟಿಯಿಂದ ಮಾಯ! ತರಬೇತಿ ಕೊಡಲು ಬಂದಿದ್ದಾಕೆ, ‘ಕೊಟ್ಟ ಕೆಲ್ಸ ಏನಾಯ್ತು ಅಂತ ಗೊತ್ತಾಗ್ಬೇಕಾದ್ರೆ ಇಲ್ಲಿ ಟಿಕ್ ಹಾಕಿ ಸಾರ್, ಒಂದು ಕಾಪಿ ನಿಮ್ಮತ್ರಾನೂ ಇರತ್ತೆ’ ಎಂದಳು. ಕೊಟ್ಟುಬಿಟ್ಟ ಮೇಲೆ ಕಾಪಿ ಯಾಕೆ ಎಂದು ನಾನು ಟಿಕ್ ಹಾಕುತ್ತಿರಲಿಲ್ಲ. ಬೇರೆಯವರು ನನಗೆ ಕೊಡುವ ಕೆಲಸಗಳ ಮೇಲ್‌ಗಳು ತಾವಾಗಿಯೇ ‘ಆಮೇಲೆ’ ಎಂಬ ಫೋಲ್ಡರ್‌ಗೆ ಹೋಗಿ ಬೀಳುವಂತೆಯೂ ಮಾಡಿಕೊಂಡಿದ್ದೆ. ನನ್ನ ಇನ್‌ಬಾಕ್ಸ್ ಸಾರಿಸಿದ ಅಂಗಳದಂತೆ ಇರುತ್ತಿತ್ತು.

ಪ್ಯಾಕಿಂಗ್ ವಿಭಾಗದ ಲಕ್ಷ್ಮವ್ವ ಗದಗ ಕಡೆಯವಳು. ಒಂದು ದಿನ ನನ್ನ ಮೇಜಿನ ಮುಂದೆ ಬಂದು ನಿಂತಳು. ಆಗ ಅವಳಿಗೆ ಆರು ತಿಂಗಳು. ‘ಸರ, ಕಂಪನಿ ಬಸ್ ನಮ್ಮ ಓಣಿ ಮುಂದನ ಹೋಗ್ತೈತ್ರಿ, ಆದ್ರ ನಿಲ್ಲಂಗಿಲ್ಲ. ಮೇನ್ ರೋಡ್ ತನಕ ನಡಿಯಾಕ ಆಗವಲ್ದ್ರಿ. ಅಲ್ಲೇ ಒಂಚೂರ ನಿಲ್ಸಾಕ ಹೇಳ್ರಿ.’

‘ಇವತ್ತೇ ಹೇಳ್ತೀನಮ್ಮ’ ಎಂದೆ. ಹೇಳಿಯೂ ಹೇಳಿದೆ. ಬಸ್ಸುಗಳನ್ನು ನೋಡಿಕೊಳ್ಳುವವನು ಮಂಜುನಾಥ. ‘ಮಂಜು’ ಎಂದು ಟೈಪ್ ಮಾಡುವಷ್ಟರಲ್ಲಿ ಸಾಫ್ಟ್‌ವೇರೇ ಪೂರ್ತಿ ಹೆಸರು ತುಂಬಿಕೊಂಡಿತು. ಒತ್ತಿದೆ, ಮಾಯವಾಯಿತು. ಆಮೇಲೆ ಲಕ್ಷ್ಮವ್ವ ಸಿಕ್ಕಾಗಲೆಲ್ಲ ‘ಹೇಳಿದ್ದೀನಮ್ಮ’ ಎನ್ನುತ್ತಿದ್ದೆ. ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ‘ಆತ್ರಿ’ ಎಂದು ಹೋಗುತ್ತಿದ್ದಳು. ಬಸುರಿ ಹೆಂಗಸಿಗೆ ಇಷ್ಟೂ ಮಾಡದ ಮಂಜುನಾಥನ ಮೇಲೆ ನನಗೆ ಎಂಥ ಸಿಟ್ಟು ಬಂತೆಂದರೆ, ಕ್ಯಾಂಟೀನಿನಲ್ಲಿ ಅವನ ಪಕ್ಕ ಕೂರುವುದನ್ನೇ ಬಿಟ್ಟೆ.

ಆರು ವಾರದ ಮೇಲೆ ತಡೆಯಲಾರದೆ ಅವನನ್ನು ಹಿಡಿದು ದಬಾಯಿಸಿದೆ. ಅವನು ಕಣ್ಣು ಕಣ್ಣು ಬಿಟ್ಟ. ‘ನಂಗೇನೂ ಬಂದೇ ಇಲ್ವಲ್ಲ ಸಾರ್. ಯಾವ ಮಂಜುನಾಥಂಗೆ ಕಳ್ಸಿದ್ರಿ? ನಾನು ಆರ್. ಮಂಜುನಾಥ. ಸ್ಟೋರ್ಸಲ್ಲಿ ಬಿ. ಮಂಜುನಾಥ ಇದಾನೆ ನೋಡಿ.’

ಸ್ಟೋರ್ಸಿಗೆ ಓಡಿದೆ. ಬಿ. ಮಂಜುನಾಥ ನಕ್ಕ. ‘ಬಸ್ಸಿಗೂ ನಂಗೂ ಏನ್ ಸಂಬಂಧ ಅಂತ ಅವತ್ತೇ ನಿಮ್ಗೇ ವಾಪಸ್ ಅಸೈನ್ ಮಾಡ್ದೆನಲ್ಲ ಸಾರ್! ಎರಡು ಸಲ ರಿಮೈಂಡರೂ ಹಾಕ್ದೆ.’

‘ಆಮೇಲೆ’ ಫೋಲ್ಡರ್ ತೆರೆದೆ. ಅಲ್ಲಿತ್ತು. ಆರು ವಾರದಿಂದ ಆ ಕೆಲಸ ನನ್ನದೇ ಆಗಿತ್ತು. ನನಗೆ ನನ್ನ ಮೇಲೇ ಅಸಹ್ಯವಾಯಿತು. ವಾಪಸ್ ಹೋಗಿ ವಿಷಯ ಹೇಳಿದರೆ ಆರ್. ಮಂಜುನಾಥ ‘ಅಷ್ಟೇನಾ ಸಾರ್?’ ಎಂದು ಡ್ರೈವರ್‌ಗೆ ಒಂದು ಫೋನ್ ಮಾಡಿದ. ನಾಳೆಯಿಂದ ಬಸ್ಸು ನಿಲ್ಲುತ್ತದೆ ಎಂದಾಯಿತು.

ಏದುಸಿರು ಬಿಡುತ್ತಾ ಪ್ಯಾಕಿಂಗ್ ವಿಭಾಗಕ್ಕೆ ಹೋದರೆ ಅಲ್ಲಿನ ಸೂಪರ್‌ವೈಸರ್, ‘ಅಯ್ಯೋ, ಲಕ್ಷ್ಮವ್ವ ಹೆರಿಗೆಗೆ ತವರಿಗೆ ಹೋದ್ಳಲ್ಲ ಸಾರ್, ಶನಿವಾರಾನೇ. ರಜಾ ಅರ್ಜಿಗೆ ನೀವೇ ತಾನೇ ಸೈನ್ ಹಾಕಿದ್ದು?’ ಎಂದರು. ಹೌದು, ನಾನೇ. ಅದೊಂದನ್ನು ಮಾತ್ರ ಬಂದ ದಿನವೇ ಮಾಡಿಕೊಟ್ಟಿದ್ದೆ.

ಮನಸ್ಸು ತಡೆಯದೆ ಅವಳಿಗೆ ಫೋನ್ ಮಾಡಿದೆ. ‘ತಪ್ಪಾಯ್ತಮ್ಮ, ನಾಳೆಯಿಂದ ಬಸ್ಸು ನಿಮ್ಮ ಓಣಿ ಮುಂದೇನೇ ನಿಲ್ಲತ್ತೆ’ ಎಂದೆ.

‘ಹೌದ್ರಿ ಸರ? ಛಲೋ ಆತು ಬಿಡ್ರಿ’ ಎಂದು ಲಕ್ಷ್ಮವ್ವ ನಕ್ಕಳು. ‘ನನ್ನ ಕೂಸು ಡ್ಯೂಟಿಗೆ ಸೇರೂದ್ರೊಳಗ ಆತಲ್ರಿ, ಅಷ್ಟ ಸಾಕು.’

ಬೈದಿದ್ದರೇ ಎಷ್ಟೋ ಮೇಲಿತ್ತು.