ಬಾವಿಗೆ ಇಳಿಸದೆ ಬಿಡದ ಸೋದರತ್ತೆ

ನಮ್ಮ ಸೋದರತ್ತೆಯ ಮನೆಗೆ ಹೋಗುವವರು ಸ್ನಾನ ಮಾಡಿ ಹೋಗಬಾರದು. ದಂಡ! ಸುರಪುರದ ಕಡೆ ಅವರ ಹೊಲದಲ್ಲೊಂದು ಮೆಟ್ಟಿಲ ಬಾವಿಯಿದೆ. ಶಹಾಪುರದಲ್ಲಿ ಬಸ್ಸು ಬದಲಿಸಿ, ಧೂಳು ಕುಡಿದು ಬಂದ ಮಕ್ಕಳ ಕೈಗೆ ಚಹಾ ಬರುವ ಮೊದಲೇ ಬೆನ್ನಿಗೆ ಈಜು ಕಲಿಯುವ ಖಾಲಿ ಪ್ಲಾಸ್ಟಿಕ್ ಡಬ್ಬಿ ಬಿಗಿದಿರುತ್ತದೆ.

"ಈಸಿದ್ರ ಏನ್ ಬರ್ತದ ಅತ್ತಿ, ಲೆಕ್ಕ ಬರ್ತದೇನು?" ಎಂದು ಚಿಕ್ಕವಳಿದ್ದಾಗ ಕೇಳಿದ್ದೆ.

"ಉಸಿರು ಹಿಡಿಯೋದು ಬರ್ತದ, ಬಾಯಿ ಮುಚ್ಚೋದು ಬರ್ತದ. ನಿನಗ ಎರಡನೇದು ಇನ್ನಾ ಬಂದಿಲ್ಲ!"

ನನ್ನನ್ನು ನೋಡಲು ಗುರುಮಠಕಲ್‌ನಿಂದ ಗಂಡು ಅತ್ತೆಯ ಮನೆಗೇ ಬಂದಾಗ ಎಲ್ಲರೂ ನೌಕರಿ, ಹೊಲ ವಿಚಾರಿಸಿದರೆ ಅತ್ತೆ ಕೇಳಿದ್ದೇನು? "ಈಸಾಕ ಬರ್ತದೇನ್ರಿ?" ಪಾಪ, "ಇಲ್ರಿ" ಎಂದ. ಮುಗಿಯಿತು! ನಿಶ್ಚಯಕ್ಕೆ ಮೊದಲೇ ಬಾವಿಗೆ ನಡೆಸಿದರು. ಗಾಬರಿಯಲ್ಲಿ ಆತ ಡಬ್ಬಿಯನ್ನು ಹೊಟ್ಟೆಗೆ ಬಿಗಿದುಕೊಂಡಿದ್ದ. ನೀರಿಗಿಳಿದದ್ದೇ ತಡ, ಅಂಗಾತ ತಿರುಗಿ ಮಗುಚಿದ ಆಮೆಯಂತೆ ಕೈಕಾಲು ಬಡಿಯತೊಡಗಿದ. ಅತ್ತೆ ಎಳೆದು ಮೆಟ್ಟಿಲಿಗೆ ಹಾಕಿ, "ಹ್ಯಾಂಗನಸ್ತು?" ಎಂದರು.

"ಮುಗಿಲು ಭಾಳ ಚಂದ ಕಾಣ್ತದ್ರಿ."

ಅತ್ತೆ ನನ್ನ ಅಪ್ಪನ ಕಡೆ ತಿರುಗಿದರು. "ಮುಳಗೋ ಹೊತ್ತಿನ್ಯಾಗೂ ತಕರಾರ್ ಇಲ್ಲ. ಕೊಡೋ ತಮ್ಮಾ ಹುಡುಗೀನ!" ಹೀಗೆ ನನಗೆ ಗಂಡ ಸಿಕ್ಕಿದ. ಒಳ್ಳೆಯವನೇ ಸಿಕ್ಕಿದ.

ನಮಗೆ ಹುಟ್ಟಿದ ಮಗಳಿಗೆ ಮಾತ್ರ ಎಲ್ಲದಕ್ಕೂ ಅಂಜಿಕೆ. ಯಾದಗಿರಿಯ ಶಾಲೆಯಲ್ಲಿ ಹಾಜರಿ ಕೂಗಿದರೂ ದನಿ ಹೊರಡುತ್ತಿರಲಿಲ್ಲ. ಹೀಗೇ ಉಳಿದುಬಿಟ್ಟರೆ ಗತಿಯೇನು ಎಂದು ನನಗೆ ಅದೇ ಚಿಂತೆ. ಕಳೆದ ಬೇಸಿಗೆಯಲ್ಲಿ ಅತ್ತೆಯ ಹತ್ತಿರ ಬಿಟ್ಟೆವು; ಇವಳ ಪಾಲಿಗೆ ಅವರು ಆಯಿ, ಅಂದರೆ ಅಜ್ಜಿ. ಮೊಣಕಾಲು ನೋವಿನಿಂದ ಅತ್ತೆ ಈಗ ನೀರಿಗಿಳಿಯುವುದಿಲ್ಲ. ಮೆಟ್ಟಿಲ ಮೇಲೆ ಕೂತೇ ಆಜ್ಞೆ!

"ಅಳು ಬಂದ್ರ ಅಳವ್ವ. ಮಾರಿ ನೀರಿನ ಮ್ಯಾಲಿಟ್ಟು ಅಳು, ಇಲ್ಲಾಂದ್ರ ಬಾಯಾಗ ನೀರು ಹೋಗ್ತಾವ."

ಬೇರೆಯವರಂತೆ ಅವರು ಹಿಂದಿನಿಂದ ನೂಕಲಿಲ್ಲ, ಗೊತ್ತಾಗದ ಹಾಗೆ ಡಬ್ಬಿ ಬಿಚ್ಚಲಿಲ್ಲ. ದಿನಾ "ಬಿಚ್ಚಲೇನು?" ಎನ್ನುವರು. ಇವಳು "ಬ್ಯಾಡ" ಎನ್ನುವಳು. "ಆತು, ನಾಳಿಗಿ ನೋಡೋಣ." ನಮ್ಮನ್ನೆಲ್ಲ ಗದರಿಸಿ ಬೆಳೆಸಿದ ಈ ಹೆಂಗಸಿಗೆ ಇಷ್ಟು ತಾಳ್ಮೆ ಎಲ್ಲಿತ್ತೋ! ನಾನು ನೋಡಿ ಹೋಗಲು ಬಂದಿದ್ದ ಒಂದು ಮುಂಜಾನೆ ಮಗಳೇ ಅತ್ತೆಗೆ ಬೆನ್ನು ತಿರುಗಿಸಿ ನಿಂತಳು. "ಬಿಚ್ಚು ಆಯಿ."

ಆಚೆ ಗೋಡೆ ಮುಟ್ಟಿ ಬಂದಳು. ನಾನು ಮೆಟ್ಟಿಲ ಮೇಲೆ ಅತ್ತುಬಿಟ್ಟೆ. ಅತ್ತೆಗೆ ಹೇಗೆ ಕೈ ಮುಗಿಯಲಿ ಎಂದುಕೊಳ್ಳುವಷ್ಟರಲ್ಲಿ, ನೀರೊಳಗಿನ ಮೆಟ್ಟಿಲ ಮೇಲೆ ನಿಂತ ಮಗಳು ಬಾವಿಯೆಲ್ಲ ಕೇಳುವ ಹಾಗೆ ಕೂಗಿದಳು: "ಆಯಿ, ನೀನೂ ಇಳಿ. ನೀರಾಗ ಮೊಣಕಾಲು ನೋಯಾಂಗಿಲ್ಲ. ನಾ ಹಿಡಿತೀನಿ."

ಅತ್ತೆ ಸೀರೆಯಲ್ಲೇ ಇಳಿದು ಅಂಗಾತ ತೇಲಿದರು. ಅವರ ಬೆನ್ನ ಕೆಳಗೆ ಮಗಳ ಪುಟ್ಟ ಅಂಗೈಗಳು.

"ಊರ ಹುಡುಗರನ್ನೆಲ್ಲ ನಾ ಹಿಡಿದೀನವ್ವ," ಎಂದರು ಅತ್ತೆ, ಕಣ್ಣು ಮುಚ್ಚಿಕೊಂಡು. "ನನ್ನ ಯಾರೂ ಹಿಡಿದಿದ್ದಿಲ್ಲ."

"ಅಂಜಬ್ಯಾಡ ಆಯಿ," ಎಂದಳು ನನ್ನ ಅಂಜುಬುರುಕಿ. "ನಾ ಬಿಡಾಂಗಿಲ್ಲ."