ಹಲ್ಲುಸಂದಿಯ ವೀಕ್ಷಕ ವಿವರಣೆ

ಎಲ್ಲ ರಾದ್ಧಾಂತಕ್ಕೂ ಮೂಲ ಒಂದು ತುಂಡು ಸಾಬೂನು. ಹಾಕಿ ವೀಕ್ಷಕ ವಿವರಣೆಯಲ್ಲಿ ನಾಡಿಗೇ ಹೆಸರಾದ ಮುದುಕರೊಬ್ಬರು ಬೆಳಿಗ್ಗೆ ತಮ್ಮ ಕಟ್ಟಿಸಿದ ಹಲ್ಲಿನ ಸೆಟ್ಟಿಗೆ ಸಾಬೂನು ಹಚ್ಚಿ ತೊಳೆಯುತ್ತಿದ್ದಾಗ ಸೆಟ್ಟು ಕೈಯಿಂದ ಜಾರಿ, ಬಚ್ಚಲ ಕಲ್ಲಿಗೆ ಬಡಿದು ಎರಡು ಹೋಳಾಯಿತು. ಬೇರೆ ದಿನವಾಗಿದ್ದರೆ ಹಾಲು ಕುಡಿದುಕೊಂಡು ಸುಮ್ಮನಿರಬಹುದಿತ್ತು. ಆದರೆ ಅವತ್ತು ಸಂಜೆ ಅವರ ಕೊನೆಯ ಪಂದ್ಯ. ಬೊಚ್ಚುಬಾಯಲ್ಲಿ ಹಾಕಿ ಹೇಳಲು ಹೋದರೆ ಕೇಳುವವರಿಗೆ ಗಾಳಿ ಸಿಗುತ್ತದೆಯೇ ಹೊರತು ಚೆಂಡು ಸಿಗುವುದಿಲ್ಲ.

ಎರಡು ಹೋಳನ್ನೂ ಕರವಸ್ತ್ರದಲ್ಲಿ ಕಟ್ಟಿಕೊಂಡು ಅವರು ಸೀದಾ ಬಂದದ್ದು ದವಡೆರಾಯನ ಅಂಗಡಿಗೆ. ದವಡೆರಾಯ ಅನ್ನುವುದು ಬೀದಿಯವರು ಇಟ್ಟ ಹೆಸರು. ಅವನೇನು ಹಲ್ಲಿನ ಡಾಕ್ಟರಲ್ಲ, ಡಾಕ್ಟರು ಅಳತೆ ಕಳಿಸಿದರೆ ಹಲ್ಲು ಕಟ್ಟಿಕೊಡುವವನು. ಅಂಗಡಿ ಕೆಳಗೆ, ಮನೆ ಮೇಲೆ, ಎರಡಕ್ಕೂ ಮಾಲೀಕರು ಒಬ್ಬರೇ. ಬಾಡಿಗೆಯ ಕರಾರು ಆ ತಿಂಗಳಿಗೆ ಮುಗಿಯುತ್ತಿತ್ತು. ಮುಂದುವರಿಸಿ ಎಂದು ಕೇಳಿದಾಗಲೆಲ್ಲ ಮಾಲೀಕರು "ನೋಡೋಣ" ಅನ್ನುತ್ತಿದ್ದರು. ಆ ಒಂದು 'ನೋಡೋಣ' ದವಡೆರಾಯನ ಊಟ, ನಿದ್ದೆ ಎರಡನ್ನೂ ನುಂಗಿ ನೀರು ಕುಡಿದಿತ್ತು.

ಈಗ ಈ ಮಾಲೀಕರ ಹುಚ್ಚಿನ ಬಗ್ಗೆ ಹೇಳಲೇಬೇಕು. ಆ ಬೀದಿಯಲ್ಲಿ ಜನ ಎರಡು ಪಂಗಡ. ಯಾವ ತಂಡ ಗೆಲ್ಲಬೇಕು ಎಂಬ ವಿಷಯದಲ್ಲಿ ಅವರಲ್ಲಿ ಜಗಳವೇ ಇರಲಿಲ್ಲ, ಎಲ್ಲರೂ ಊರ ತಂಡದವರೇ. ಜಗಳವೆಲ್ಲ ಆಟವನ್ನು ರೇಡಿಯೋದಲ್ಲಿ ಹೇಳುವವರ ಬಗ್ಗೆ. ಹಲ್ಲು ಮುರಿದುಕೊಂಡ ಮುದುಕರಿಗೆ ಸಿಡಿಲು ಎಂದು ಹೆಸರು. ಇನ್ನೊಬ್ಬ ಮುದುಕರಿಗೆ ಜೇನು ಎಂದು ಹೆಸರು. ಇಬ್ಬರೂ ಅವತ್ತೇ ನಿವೃತ್ತಿ. ಮೊದಲರ್ಧ ಜೇನು ಹೇಳುವುದು, ಎರಡನೆಯ ಅರ್ಧ ಸಿಡಿಲು ಹೇಳುವುದು ಎಂದು ತೀರ್ಮಾನವಾಗಿತ್ತು. ಮಾಲೀಕರು ಸಿಡಿಲಿನ ಪಂಗಡದ ಮುಖಂಡರು. ದವಡೆರಾಯನ ಪಕ್ಕದ ಮಳಿಗೆಯ ಟೈಲರ್ ಜೇನಿನ ಪಂಗಡದ ಸೇನಾಪತಿ. ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ ಮತ್ತು ದವಡೆರಾಯ.

"ನಿಮ್ಮ ಸಿಡಿಲಿಗೆ ಕೂಗೋದು ಬಿಟ್ರೆ ಇನ್ನೇನು ಬರತ್ತೆ?" ಎಂದು ಟೈಲರ್ ದಿನವೂ ಕೆಣಕುತ್ತಿದ್ದ. "ಚೆಂಡು ಎಲ್ಲಿದೆ ಅಂತ ಒಂದು ದಿನ ಹೇಳಿದಾರಾ? ನಮ್ಮ ಜೇನು ಹೇಳ್ತಿದ್ರೆ ಕಣ್ಣು ಮುಚ್ಕೊಂಡು ಗುಂಡಿ ಹೊಲೀಬಹುದು. ಎಲ್ಲಾ ಕಣ್ಣಿಗೆ ಕಟ್ಟಿದ ಹಾಗೆ!"

"ಕಣ್ಣು ಮುಚ್ಕೊಂಡು ಹೊಲೀತೀಯ ಅನ್ನೋದು ನಿನ್ನ ಪ್ಯಾಂಟು ಹಾಕ್ಕೊಂಡೋರಿಗೆಲ್ಲಾ ಗೊತ್ತು ಬಿಡು," ಎನ್ನುತ್ತಿದ್ದರು ಮಾಲೀಕರು. "ನಿನ್ನ ಜೇನು ಬಾಯಿ ತೆಗೆದ್ರೆ ಗೋಲ್‌ಕೀಪರೂ ಆಕಳಿಸ್ತಾನೆ. ನಮ್ಮ ಸಿಡಿಲಿನ ಶಿಳ್ಳೆ ಒಂದು ಸಾಕಯ್ಯಾ, ಮೈಯೆಲ್ಲಾ ಜುಮ್ ಅನ್ನತ್ತೆ!"

ಅದೇ ಶಿಳ್ಳೆ. ಸಿಡಿಲು 'ಪಾಸ್' ಎಂದಾಗಲೆಲ್ಲ ಕೊನೆಯಲ್ಲಿ ಸುಂಯ್ ಎಂದು ಸಣ್ಣ ಶಿಳ್ಳೆ ಹೊರಡುತ್ತಿತ್ತು. ಅಭಿಮಾನಿಗಳು ಅದನ್ನು ಕಲೆ ಎಂದು ತಿಳಿದಿದ್ದರು. ಎಳೆಯ ವಿವರಣೆಗಾರರು ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದರಂತೆ. ಅಸಲಿಗೆ ಅದು ಮುಂಬಲ್ಲುಗಳ ನಡುವೆ ಯಾವನೋ ಹಳೇ ಕೆಲಸಗಾರ ಬಿಟ್ಟ ಸಂದು.

ಮುದುಕರು ಆ ಸಂದನ್ನೇ ಬೆರಳಲ್ಲಿ ತೋರಿಸಿದರು. ಹಲ್ಲಿಲ್ಲದ ಮಾತು ಬೇರೆಯವರಿಗೆ ಅರ್ಥವಾಗುತ್ತಿರಲಿಲ್ಲ, ದವಡೆರಾಯನಿಗೆ ಅದು ದಿನದ ಭಾಷೆ.

"ನೋಡಪ್ಪಾ, ಜೋಡಿಸೋವಾಗ ಇದನ್ನೂ ಮುಚ್ಚಿಬಿಡು. ಇಷ್ಟು ವರ್ಷ ಜನ ನನ್ನ ಮಾತು ಕೇಳಿಲ್ಲ, ಈ ತೂತಿನ ಮಾತು ಕೇಳಿದಾರೆ. ನಾಚಿಕೆ ಆಗತ್ತೆ ಕಣಪ್ಪಾ. ಕೊನೇ ದಿನ ಒಂದೇ ಒಂದು ಸಲ ಸ್ವಚ್ಛವಾಗಿ 'ಪಾಸ್' ಅಂದು ಎದ್ದು ಹೋಗ್ತೀನಿ. ಇವತ್ತು ನಮ್ಮ ಗೌರವಕ್ಕೆ ಅಂತ ಮೈದಾನದ ಸ್ಪೀಕರಿಗೂ ನಮ್ಮ ಮಾತು ಹಾಕ್ತಾರಂತೆ. ಆಟಗಾರರೂ ಕೇಳ್ತಾರೆ. ಮರ್ಯಾದೆ ಉಳಿಸು."

ದವಡೆರಾಯ ಹೋಳುಗಳನ್ನು ಮೇಜಿನ ಮೇಲಿಟ್ಟುಕೊಂಡ. "ನಿಮ್ಮ ಮಾತು ಹೂವಿನ ಹಾಗೆ ಬರತ್ತೆ, ಯಜಮಾನ್ರೇ. ಮಧ್ಯಾಹ್ನ ಬನ್ನಿ," ಎಂದ.

ಮುದುಕರು ಬೀದಿ ತಿರುವು ದಾಟಿರಲಿಲ್ಲ, ಟೈಲರ್ ಹಾಜರ್. ಹಲಗೆಯ ಗೋಡೆಗೆ ಕಿವಿ ಹಚ್ಚಿ ಅರ್ಧ ಕೇಳಿದ್ದ, ಉಳಿದರ್ಧ ಊಹಿಸಿದ್ದ. ಕುತ್ತಿಗೆಯಲ್ಲಿ ನೇತಾಡುವ ಟೇಪನ್ನು ಹೂಮಾಲೆಯಂತೆ ಸರಿಪಡಿಸಿಕೊಳ್ಳುತ್ತ, "ಪಾಪ, ವಯಸ್ಸಾದವರ ಆಸೆ, ನೆರವೇರಿಸಿ ರಾಯ್ರೇ. ಒಂದು ಕೂದಲೂ ನುಸುಳಬಾರದು, ಹಾಗೆ ಮುಚ್ಚಿ," ಎಂದ. ಮುದುಕರ ಮೇಲಿನ ಕನಿಕರ ಅದಲ್ಲ. ಶಿಳ್ಳೆ ಹೋದರೆ ಸಿಡಿಲು ಠುಸ್ ಪಟಾಕಿ ಎನ್ನುವ ಖುಷಿ. ಆ ಖುಷಿಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲಾರದೆ ಅವನು ನೇರ ಮಾಲೀಕರ ಮನೆಗೇ ಹೋಗಿ, "ನಿಮ್ಮ ಶಿಳ್ಳೆ ಇವತ್ತು ಬಂದ್!" ಎಂದು ಸಾರಿ ಬಂದ.

ಮಾಲೀಕರು ಬಂದಾಗ ಅವರ ಕೆನ್ನೆಯಲ್ಲಿ ಅರ್ಧ ಗಡ್ಡಕ್ಕೆ ಸೋಪಿನ ನೊರೆ ಹಾಗೇ ಇತ್ತು. "ಏನಯ್ಯಾ, ಶಿಳ್ಳೆ ಮುಚ್ತೀಯಂತೆ?"

"ಅವರೇ ಕೇಳಿದ್ರು ಸಾರ್. ಅವರ ಹಲ್ಲು..."

"ಹಲ್ಲು ಅವರದ್ದು, ಶಿಳ್ಳೆ ನಮ್ಮದು! ಅವರಿಗೇನಯ್ಯಾ ಗೊತ್ತು, ಅವರು ಬರೀ ಮಾತಾಡೋರು. ಕೇಳೋರು ನಾವು." ಮಾಲೀಕರು ಮೇಜಿನ ಮೇಲಿದ್ದ ಹೋಳುಗಳಿಗೆ ಕೈಮುಗಿದರು, ದವಡೆರಾಯನ ಕಡೆ ಬೆರಳು ತೋರಿಸಿದರು. "ಸಂಜೆ ಶಿಳ್ಳೆ ಕೇಳಿಸ್ತೋ, ನಾಳೆ ಬೆಳಿಗ್ಗೆ ಕರಾರಿಗೆ ಸಹಿ. ಕೇಳಿಸಲಿಲ್ವೋ, ಗಂಟುಮೂಟೆ ಕಟ್ಟು. ಮೇಲಿನದೂ, ಕೆಳಗಿನದೂ."

ಮೆಟ್ಟಿಲ ಮೇಲೆ ಪಾತ್ರೆ ಬಿದ್ದ ಸದ್ದಾಯಿತು. ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮಾಲೀಕರು ಹೊರಬಿದ್ದ ಮೇಲೆ ಕೆಳಗಿಳಿದು ಬಂದಳು.

"ರೀ, ಸುಮ್ನೆ ಸಂದು ಬಿಡಿ."

"ಮಾತು ಕೊಟ್ಟಿದೀನಿ ಕಣೇ. ಪಾಪ, ಕಣ್ಣಲ್ಲಿ ನೀರು ಹಾಕ್ಕೊಂಡು ಕೇಳಿದ್ರು."

"ಹೌದು, ಪಾಪ. ನಾಳೆ ನಾವು ಬೀದೀಲಿ ಕೂತ್ರೆ ಆ ಸ್ವಚ್ಛವಾದ ಪಾಸನ್ನ ಹೊದ್ಕೊಂಡು ಮಲಗೋಣ." ಹಾಗೆಂದವಳೇ ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು. ಸರಿ, ಮನೆಯ ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದ ಮೇಲೆ ಮೇಲ್ಮನವಿ ಎಲ್ಲಿಂದ ಬಂತು?

ದವಡೆರಾಯ ಹೋಳುಗಳನ್ನು ಜೋಡಿಸಿದ. ಜೋಡಿಸುವಾಗ ಮುಚ್ಚಿಹೋಗಿದ್ದ ಸಂದನ್ನು ಅರದಿಂದ ಮತ್ತೆ ಬಿಡಿಸಿದ. ಆದರೆ ಶಿಳ್ಳೆ ಬರುತ್ತದೋ ಇಲ್ಲವೋ ಎಂದು ನೋಡುವುದು ಹೇಗೆ? ಬಾಯಿ ಇಲ್ಲದೆ ಹಲ್ಲು ಉಲಿಯುವುದಿಲ್ಲ. ಕೊನೆಗೆ ಪ್ಲಾಸ್ಟರಿನ ದವಡೆಗೆ ಸೆಟ್ಟನ್ನು ಕೂರಿಸಿ, ಹಿಂದಿನಿಂದ ಸೈಕಲ್ ಪಂಪಿನ ಮೂತಿ ಇಟ್ಟು ಒತ್ತಿದ. ಫುಸ್ ಎಂದಿತು. ಇನ್ನಷ್ಟು ಉಜ್ಜಿ ಒತ್ತಿದ. ಸುಂಯ್ ಎಂದಿತು. ದವಡೆರಾಯನಿಗೆ ಜೀವ ಬಂದಂತಾಯಿತು.

ಅಷ್ಟಕ್ಕೇ ಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಮಾಲೀಕರು ಪರೀಕ್ಷೆಗೆ ಬಂದರು, ಈ ಸಲ ಗಡ್ಡ ಪೂರ್ತಿ ಬೋಳಿಸಿಕೊಂಡು. "ಇದೇನಯ್ಯಾ, ಸೊಳ್ಳೆ ಇದು! ಕೊನೇ ಪಂದ್ಯ. ಜೋರಾಗಿ ಬರ್ಲಿ," ಎಂದರು. ದವಡೆರಾಯ ಉಜ್ಜಿದ. "ಇನ್ನೂ!" ಉಜ್ಜಿದ. ಮಾಲೀಕರು ತಾವೇ ಪಂಪು ಹಿಡಿದು ಎದೆಯ ಬಲವೆಲ್ಲ ಹಾಕಿ ಒತ್ತಿದರು. ಪೀಈಈ ಎಂದು ಹೊರಟ ಸದ್ದಿಗೆ ಬೀದಿಯಲ್ಲಿ ಹೋಗುತ್ತಿದ್ದ ಆಟೋ ಗಕ್ಕನೆ ನಿಂತಿತು. ಡ್ರೈವರ್ ತಲೆ ಹೊರಹಾಕಿ ಪೊಲೀಸನಿಗಾಗಿ ಅತ್ತಿತ್ತ ನೋಡಿದ. "ಹಾಂ! ಇದು ಶಿಳ್ಳೆ!" ಎಂದು ಮಾಲೀಕರು ದವಡೆರಾಯನ ಬೆನ್ನು ತಟ್ಟಿ ಹೋದರು.

ಮಧ್ಯಾಹ್ನ ಮುದುಕರು ಬಂದು ಸೆಟ್ಟನ್ನು ಹಾಕಿಕೊಂಡರು. ಇನ್ನೇನು ಬಾಯಿ ತೆರೆದು ಏನೋ ಹೇಳಬೇಕು, ದವಡೆರಾಯ ಹೌಹಾರಿ ಎರಡೂ ಕೈ ಅಡ್ಡ ಹಿಡಿದ.

"ಬೇಡ! ಮಾತಾಡ್ಬೇಡಿ ಯಜಮಾನ್ರೇ! ಜೋಡಿಸಿದ್ದು ಇನ್ನೂ ಹಸಿ ಇದೆ. ಮೈಕ್ ಮುಂದೆ ಕೂರೋವರೆಗೂ ಒಂದಕ್ಷರ ಆಡಿದ್ರೂ ಬಿಟ್ಟುಹೋಗತ್ತೆ."

ಮುದುಕರು ತಟಕ್ಕನೆ ತುಟಿ ಮುಚ್ಚಿದರು. ಮಾತಿನಲ್ಲೇ ಬದುಕಿದ ಮನುಷ್ಯ ಮೌನವಾಗಿ ದವಡೆರಾಯನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡು ಹೊರಟರು. ಛೆ, ತನ್ನಂಥ ನೀಚ ಇನ್ನೊಬ್ಬನಿಲ್ಲ ಅನಿಸಿತು ದವಡೆರಾಯನಿಗೆ. ಓಡಿಹೋಗಿ ಹೇಳಿಬಿಡಲೇ ಎಂದು ಬಾಗಿಲವರೆಗೆ ಹೋದ. ಮೇಲಿನ ಕಿಟಕಿಯಲ್ಲಿ ಹೆಂಡತಿ ನಿಂತಿದ್ದಳು. ವಾಪಸು ಬಂದ.

ಸಂಜೆ ದವಡೆರಾಯನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವನ ರೇಡಿಯೋ ಬೀದಿಯಲ್ಲೇ ದೊಡ್ಡದು, ಅದೂ ಮಾಲೀಕರದ್ದೇ. ಒಂದು ಬೆಂಚಿನಲ್ಲಿ ಮಾಲೀಕರ ಪಂಗಡ, ಇನ್ನೊಂದರಲ್ಲಿ ಟೈಲರನ ಪಂಗಡ. ಮೊದಲರ್ಧ ಜೇನಿನದು. ಎಡಬದಿಯ ಹುಲ್ಲು ಎಷ್ಟು ಒಣಗಿದೆ, ಯಾವ ಆಟಗಾರ ಕಾಲುಚೀಲ ಏರಿಸಿಕೊಂಡ, ಎಲ್ಲ ಬಂತು. ಎರಡೂ ಕಡೆ ಗೋಲಿಲ್ಲ. ಟೈಲರ್ ಒಂದು ಕೋಟಿನ ಗುಂಡಿಯನ್ನೆಲ್ಲ ಹೊಲಿದು ಮುಗಿಸಿದ. ಮಾಲೀಕರು ಬೇಕೆಂದೇ ಗೊರಕೆ ಹೊಡೆದರು.

ಎರಡನೆಯ ಅರ್ಧಕ್ಕೆ ಸಿಡಿಲು ಮೈಕ್ ಹಿಡಿದರು. ಮೊದಲ ವಾಕ್ಯಗಳು ಗುಡುಗಿನಂತೆ ಬಂದವು. ದವಡೆರಾಯ ಕಣ್ಣು ಮುಚ್ಚಿಕೊಂಡ.

"ಚೆಂಡು ಸಿಕ್ಕಿತು! ಮುನ್ನುಗ್ಗಿದರು! ಪಾಸ್... ಪೀಈಈಈ!"

"ಬಂತು!" ಎಂದು ಮಾಲೀಕರು ಬೆಂಚಿನ ಮೇಲೆ ಹತ್ತಿ ಕುಣಿದರು. ಟೈಲರ್ ಬೆರಳಿಗೆ ಸೂಜಿ ಚುಚ್ಚಿಕೊಂಡ. ದವಡೆರಾಯನನ್ನು ಅಪ್ಪಿಕೊಂಡ ಮಾಲೀಕರು, "ನಾಳೆ ಬೇಡ ಕಣೋ, ಈಗ್ಲೇ ಸಹಿ! ಪೆನ್ನು ತಾ!" ಎಂದರು. ದವಡೆರಾಯ ಪೆನ್ನು ಹುಡುಕತೊಡಗಿದ.

ಅಷ್ಟರಲ್ಲಿ ರೇಡಿಯೋದಲ್ಲಿ ಸಿಡಿಲಿನ ದನಿ ತಡವರಿಸಿತು. "ಆಟ ನಿಂತಿದೆ... ಯಾಕೆ ನಿಂತಿತು? ಆಟಗಾರರು ಅಂಪೈರ್ ಮುಖ ನೋಡುತ್ತಿದ್ದಾರೆ. ಅಂಪೈರ್ ತಮ್ಮ ಸೀಟಿಯ ಮುಖ ನೋಡುತ್ತಿದ್ದಾರೆ..."

ಮೈದಾನದ ನಾಲ್ಕೂ ಮೂಲೆಯ ಸ್ಪೀಕರುಗಳಲ್ಲಿ ಆ ಶಿಳ್ಳೆ ಮೊಳಗಿತ್ತು. ಅಂಪೈರ್ ಕೈಯಾಡಿಸಿ ಆಟ ಮುಂದುವರಿಸಿದರು. ಇನ್ನೊಂದು ಪಾಸ್, ಇನ್ನೊಂದು ಪೀಈ, ಮತ್ತೆ ಎಲ್ಲರೂ ನಿಂತರು. ಮುದುಕರಿಗೆ ಬೆವರಿಳಿದಿರಬೇಕು. ಆಮೇಲೆ ಅವರು 'ಪಾಸ್' ಎನ್ನುವುದನ್ನೇ ಬಿಟ್ಟು, 'ಕೊಟ್ಟರು', 'ತಳ್ಳಿದರು', 'ದಾಟಿಸಿದರು' ಎಂದು ಹೇಗೋ ಕಾಲ ತಳ್ಳಿದರು. ಆದರೆ ಕೊನೆಯ ನಿಮಿಷದಲ್ಲಿ ಎದುರಾಳಿಗಳು ನಮ್ಮ ಗೋಲಿನತ್ತ ನುಗ್ಗಿದಾಗ ಹಳೆಯ ಅಭ್ಯಾಸ ಬಾಯಿಂದ ಜಾರಿತು.

"ಅಪಾಯ! ಅಪಾಯ! ಇದೋ ಪಾಸ್... ಪೀಈಈಈ!"

ನಮ್ಮವರು ಶಿಸ್ತಿನ ಸಿಪಾಯಿಗಳು, ನಿಂತರು. ಗೋಲ್‌ಕೀಪರ್ ಮುಖದ ಜಾಲರಿ ಎತ್ತಿ ನೀರಿನ ಬಾಟಲಿಗೆ ಕೈ ಹಾಕಿದ. ಎದುರಾಳಿಗಳಿಗೆ ಈ ಹೊತ್ತಿಗೆ ಬುದ್ಧಿ ಬಂದಿತ್ತು, ಅವರು ನಿಲ್ಲಲಿಲ್ಲ. ಚೆಂಡು ಮೆಲ್ಲಗೆ ಉರುಳಿಕೊಂಡು, ಗೋಲ್‌ಕೀಪರಿನ ಕಾಲ ಪಕ್ಕದಲ್ಲೇ ಹಾದು ಬಲೆ ಸೇರಿತು. ಈ ಸಲ ಅಂಪೈರ್ ನಿಜವಾಗಿ ಸೀಟಿ ಊದಿದರು. ಗೋಲು. ಪಂದ್ಯ ಮುಗಿಯಿತು, ಗೆಲ್ಲಬೇಕಿದ್ದ ಕಪ್ ಕೈತಪ್ಪಿತು.

ರೇಡಿಯೋದಲ್ಲಿ ಜನರ ಬೊಬ್ಬೆ, ಕುರ್ಚಿ ಮುರಿಯುವ ಸದ್ದು, "ಆ ಮುದುಕನ್ನ ಇಳಿಸ್ರೋ ಕೆಳಗೆ!" ಎನ್ನುವ ಕೂಗು. ಆಮೇಲೆ ಸಿಡಿಲಿನ ದನಿ. ಈಗ ಅದರಲ್ಲಿ ಗುಡುಗಿರಲಿಲ್ಲ. ತಣ್ಣಗೆ, ಒಂದೊಂದೇ ಮಾತು.

"ಕೇಳುಗರೇ, ಇದು ನನ್ನ ಕೊನೆಯ ವಿವರಣೆ. ದಯವಿಟ್ಟು ಗಮನವಿಟ್ಟು ಕೇಳಿ. ಅಂಪೈರ್ ತಪ್ಪಿಲ್ಲ, ಆಟಗಾರರ ತಪ್ಪಿಲ್ಲ. ಊದಿದ್ದು ನನ್ನ ಹಲ್ಲು. ಅದನ್ನು ಮುಚ್ಚು ಎಂದು ಕೈಮುಗಿದು ಕೊಟ್ಟಿದ್ದೆ. ತೆರೆದು ಕೊಟ್ಟವನು ಒಬ್ಬನಿದ್ದಾನೆ. ಮೈದಾನದ ಮುಂಬಾಗಿಲಿನಿಂದ ಹೊರಟು ಎಡಬದಿಯಲ್ಲಿ ಸಾಗಿ. ಅಂಚೆ ಕಚೇರಿ ಬರುತ್ತದೆ, ಅದನ್ನು ಬಲಕ್ಕೆ ಬಿಟ್ಟು ಸೀದಾ ಮುನ್ನುಗ್ಗಿ. ಎರಡು ಮಳಿಗೆ ಅಂಟಿಕೊಂಡಂತಿವೆ. ಒಂದರ ಬಾಗಿಲಲ್ಲಿ ಹೊಲಿಯದ ಪ್ಯಾಂಟುಗಳು ತೂಗುತ್ತಿವೆ, ಅದನ್ನು ತಪ್ಪಿಸಿಕೊಂಡು ಮುಂದೆ ಬನ್ನಿ. ನೀಲಿ ಬಾಗಿಲು, ಮೇಲೆ ಬಾಯಿ ತೆರೆದ ದವಡೆಯ ಚಿತ್ರ. ಒಳಗೆ ಬಲಮೂಲೆಯಲ್ಲಿ ಒಬ್ಬ ಸಣಕಲ, ಕಿವಿಯಲ್ಲಿ ಪೆನ್ಸಿಲ್ಲು, ಅಂಗಿಯ ತುಂಬ ಪ್ಲಾಸ್ಟರಿನ ಹಿಟ್ಟು. ಬಾಗಿಲಲ್ಲಿ ಗೋಲ್‌ಕೀಪರ್ ಇಲ್ಲ. ನಮಸ್ಕಾರ."

ಎಲ್ಲರೂ ತಿರುಗಿ ಬಲಮೂಲೆ ನೋಡಿದರು. ದವಡೆರಾಯ ಕಿವಿಯಿಂದ ಪೆನ್ಸಿಲ್ ತೆಗೆದು ಜೇಬಿಗಿಟ್ಟುಕೊಂಡ.

ಟೈಲರ್ ಸೂಜಿ ಕೆಳಗಿಟ್ಟು ಎದ್ದು ನಿಂತ. ಅವನ ಕಣ್ಣು ತೇವವಾಗಿತ್ತು. "ಸೋತೆ ಮಾಲೀಕರೇ. ಇಂಥಾ ವಿವರಣೆ ನಮ್ಮ ಜೇನಿನ ಕೈಲೂ ಆಗಲ್ಲ. ಕಣ್ಣಿಗೆ ಕಟ್ಟಿದ ಹಾಗಿತ್ತು."

"ನಾನು ಇಷ್ಟು ವರ್ಷದಿಂದ ಇನ್ನೇನು ಹೇಳ್ತಿದ್ದೆ?" ಎಂದು ಮಾಲೀಕರು ಅವನನ್ನು ತಬ್ಬಿಕೊಂಡು ಬಿಕ್ಕಿದರು. ಎರಡೂ ಬೆಂಚಿನವರು ಒಬ್ಬರ ಭುಜಕ್ಕೊಬ್ಬರು ಒರಗಿ ಅತ್ತರು. ಆ ಬೀದಿ ಅಂಥ ಒಗ್ಗಟ್ಟು ಕಂಡಿರಲಿಲ್ಲ.

"ಸಾರ್," ಎಂದ ದವಡೆರಾಯ, ಒಂದು ಕೈಯಲ್ಲಿ ಪೆನ್ನು ಹಿಡಿದು. "ಶಿಳ್ಳೆ ಕೇಳಿಸಿದ್ರೆ ಅಂಗಡಿ ಉಳಿಯತ್ತೆ ಅಂದಿದ್ರಿ..."

ಮಾಲೀಕರು ಕಣ್ಣೊರೆಸಿಕೊಂಡು ರೇಡಿಯೋವನ್ನು ಬಗಲಿಗೆ ಏರಿಸಿಕೊಂಡರು. "ನನ್ನ ಮಾತಿಗೆ ನಾನು ತಪ್ಪೋನಲ್ಲ. ಆದ್ರೆ ಅಂಗಡಿ ಉಳಿಯತ್ತೋ ಇಲ್ವೋ ಅನ್ನೋದು ಈಗ ನನ್ನ ಕೈಲಿಲ್ಲಪ್ಪಾ, ಬರೋರ ಕೈಲಿದೆ," ಎಂದವರೇ ಹೊರಬಿದ್ದರು. ಅವರ ಹಿಂದೆ ಬೆಂಚುಗಳೂ ಖಾಲಿಯಾದವು.

ದೂರದಲ್ಲಿ ಅಂಚೆ ಕಚೇರಿಯ ಕಡೆಯಿಂದ ಗದ್ದಲ ಕೇಳಿಸಿತು. ಅದು ಬರಬರುತ್ತ ಜೋರಾಯಿತು. ಅಷ್ಟು ಜನರಲ್ಲಿ ದಾರಿ ತಪ್ಪಿದವನು ಒಬ್ಬನೂ ಇರಲಿಲ್ಲ.