ಐವತ್ತಕ್ಕೆ ಬಂದು ಸ್ಕೌಟ್ ಕಲಿತದ್ದು

ಕೆಲವರಿಗೆ ದಾರಿಯಲ್ಲಿ ಹಳೇ ಗೆಳೆಯರು ಸಿಗುತ್ತಾರೆ. ನನಗೆ ಸಿಗುವುದು ಫಜೀತಿ. ನಾನಾಗಿ ಹುಡುಕಿಕೊಂಡು ಹೋಗುವುದಿಲ್ಲ, ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತರೂ ವಿಳಾಸ ಕೇಳಿಕೊಂಡು ಬಂದುಬಿಡುತ್ತದೆ. ಸ್ಕೌಟ್ ಕೂಡ ಹಾಗೆಯೇ ಬಂತು.

ನಾನಾಗ ಕಾರವಾರದ ಬೈತಖೋಲದಲ್ಲಿ ಬಂದರಿನ ಒಂದು ಕಚೇರಿಯಲ್ಲಿ ಗುಮಾಸ್ತ. ಮನೆ ಅಂಕೋಲೆಯಲ್ಲಿ, ದಿನಾ ಕಾರವಾರಕ್ಕೆ ಬಸ್ಸು. ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು. ಮಕ್ಕಳಿಲ್ಲ. ಬೆಳಿಗ್ಗೆ ಕುಡಿದಿಟ್ಟ ಚಹಾದ ಲೋಟ ಸಂಜೆ ಬೀಗ ತೆಗೆದಾಗ ಇಟ್ಟಲ್ಲೇ ಇರುತ್ತಿತ್ತು. ಅದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಯಾರ ಮೇಲೆ ಉರಿ ಅಂತ ಕೇಳಿದರೆ ಹೇಳಲಾರೆ.

ಬಸ್ಸಿನಲ್ಲಿ ಪರಿಚಯವಾದ ಒಬ್ಬ ಹೆಡ್ ಮಾಸ್ತರು ಒಂದು ದಿನ, "ನಮ್ಮ ಸ್ಕೌಟ್ ಮಾಸ್ತರರಿಗೆ ವರ್ಗ ಆಯ್ತು. ರವಿವಾರ ಎರಡು ತಾಸು ಹುಡುಗರನ್ನ ನೋಡ್ಕೊಳ್ತ್ರಾ?" ಎಂದರು. ನನಗೆ ಸ್ಕೌಟ್ ಬಗ್ಗೆ ಗೊತ್ತಿದ್ದದ್ದು ಕೊರಳಿಗೆ ಸ್ಕಾರ್ಫ್ ಇರುತ್ತದೆ ಎಂಬುದಷ್ಟೇ. ಆದರೂ ಹೋದೆ. ಹದಿನೆಂಟು ಹುಡುಗರು, ಹದಿನೆಂಟು ಗಂಟಲು. ಆ ಎರಡು ತಾಸಿನ ಗದ್ದಲವನ್ನು ನಾನು ವಾರವಿಡೀ ಉಪ್ಪಿನಕಾಯಿಯ ಹಾಗೆ ಸ್ವಲ್ಪ ಸ್ವಲ್ಪ ನಂಜಿಕೊಂಡು ಬದುಕುತ್ತಿದ್ದೆ.

ಒಪ್ಪಿಗೆ ಸಹಿ

ವರ್ಷ ತುಂಬುವಷ್ಟರಲ್ಲಿ ಒಂದು ಸುತ್ತೋಲೆ ಬಂತು. ತರಬೇತಿ ಇಲ್ಲದವರು ಹುಡುಗರ ದಳ ನಡೆಸುವಂತಿಲ್ಲ. ಏಳು ದಿನ ಶಿಬಿರದಲ್ಲೇ ಉಳಿದು ಕಲಿತು ಪಾಸಾಗಬೇಕು, ಇಲ್ಲವಾದರೆ ದಳ ಬಂದ್. ನನಗೆ ರವಿವಾರ ಹೋದರೆ ವಾರವೇ ಹೋದಂತೆ. ಹೆಡ್ ಮಾಸ್ತರರ ಎದುರಿಗೇ ಕೂತು ಫಾರ್ಮ್ ತುಂಬಿದೆ.

ಕೊನೆಯಲ್ಲಿ ಒಂದು ಕಾಲಂ: ಕುಟುಂಬದವರ ಒಪ್ಪಿಗೆ ಮತ್ತು ಸಹಿ. ನಾನು ಖಾಲಿ ಬಿಟ್ಟೆ.

"ಖಾಲಿ ಬಿಟ್ರೆ ತಿರುಗಿ ಕಳಸ್ತಾರೆ" ಎಂದರು ಹೆಡ್ ಮಾಸ್ತರು.

"ಮನೆಯಲ್ಲಿ ಇರೂದು ನಾನೊಬ್ಬನೇ ಅಲ್ರಾ?"

ಅವರು ಫಾರ್ಮನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಹಾಗಾದ್ರೆ ನೀವೇ ಹಾಕಿ. ನಾಳೆ ತಕರಾರು ಮಾಡೂಕೆ ಯಾರಾದ್ರೂ ಇದ್ರೆ ತಾನೆ?"

ಹೀಗೆ ನನಗೆ ನಾನೇ ಒಪ್ಪಿಗೆ ಕೊಟ್ಟೆ. ಅದರ ಕೆಳಗೆ 'ಅರ್ಜಿದಾರರಿಗೆ ಏನು ಸಂಬಂಧ' ಎಂದು ಕೇಳಿದ್ದರು. 'ದೂರದ್ದು' ಎಂದು ಬರೆದೆ.

ಮೀನುಗಾರರ ಗಂಟು

ಶಿಬಿರ ನಡೆದದ್ದು ಬೇಲೆಕೇರಿಯ ಒಂದು ಶಾಲೆಯಲ್ಲಿ, ಅಕ್ಟೋಬರ್ ರಜೆಯಲ್ಲಿ. ನನ್ನ ಮನೆ ಅಲ್ಲಿಂದ ರಿಕ್ಷಾದ ದಾರಿ. ಆದರೆ ಏಳು ದಿನ ಮನೆಗೆ ಹೋಗುವಂತಿಲ್ಲ ಎಂಬ ನಿಯಮ. ಉಳಿದವರೆಲ್ಲ ಗೊಣಗಿದರು. ನಾನು ಗೊಣಗಲಿಲ್ಲ.

ತರಬೇತಿ ಕೊಡುವ ಸರ್ ಘಟ್ಟದ ಮೇಲಿನವರು. ಶಿಸ್ತಿನ ಮನುಷ್ಯ, ಆದರೆ ಸಮುದ್ರವನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ನನ್ನ ಗುಂಪಿನಲ್ಲಿ ಬೇಲೆಕೇರಿಯವನೇ ಆದ ಒಬ್ಬ ಪ್ರಾಥಮಿಕ ಶಾಲೆಯ ಮಾಸ್ತರ ಇದ್ದ. ಅವನ ಅಪ್ಪ, ಅಣ್ಣಂದಿರು ಎಲ್ಲರೂ ದೋಣಿಯವರು.

ಎರಡನೇ ದಿನ ಎರಡು ಹಗ್ಗ ಜೋಡಿಸುವ ಮೀನುಗಾರರ ಗಂಟು ಕಲಿಸಿದರು. ಮಾಸ್ತರ ಕಣ್ಣು ಮುಚ್ಚಿ ತೆರೆಯುವುದರೊಳಗೆ ಒಂದು ಗಂಟು ಹಾಕಿ ಕೊಟ್ಟ.

"ತಪ್ಪು. ಇದು ಮೀನುಗಾರರ ಗಂಟಲ್ಲ" ಎಂದರು ಸರ್.

"ಸರ್, ನಮ್ಮಪ್ಪ ಮೀನುಗಾರ."

"ಇರಬಹುದು. ಪುಸ್ತಕದಲ್ಲಿ ಹೀಗಿಲ್ಲ."

ಜಗ್ಗಿ ನೋಡೋಣ ಎಂದಾಯಿತು. ಮಾಸ್ತರನ ಗಂಟನ್ನು ನಾವು ಆರು ಜನ ಜಗ್ಗಿದೆವು, ಅಲುಗಲಿಲ್ಲ. ಪುಸ್ತಕದ ಗಂಟನ್ನು ಸರ್ ತಾವೇ ಗಡಿಬಿಡಿಯಲ್ಲಿ ಹಾಕಿ ತಾವೇ ಜಗ್ಗಿದರು. ಗಂಟು ಬಿಚ್ಚಿಕೊಂಡಿತು, ಸರ್ ಮರಳಿನ ಮೇಲೆ ಕೂತುಬಿಟ್ಟರು. ಮಾಸ್ತರ ಅವರನ್ನು ಕೈಹಿಡಿದು ಎಬ್ಬಿಸುತ್ತ ಬಹಳ ವಿನಯದಿಂದ ಹೇಳಿದ: "ಸರ್, ನಿಮ್ಮ ಗಂಟು ಪಾಸಾಗೂಕೆ ಚಲೋ ಅದೆ. ನಮ್ಮದು ತಿರುಗಿ ಮನೆಗೆ ಬರೂಕೆ."

ನಾನು ಮಾತ್ರ ಪುಸ್ತಕದ ಗಂಟನ್ನೇ ಬಾಯಿಪಾಠ ಮಾಡಿದೆ. ನನಗೆ ಪಾಸಾದರೆ ಸಾಕಿತ್ತು.

ದಿನಕ್ಕೊಂದು ಉಪಕಾರ

ಸ್ಕೌಟ್ ಆದವನು ದಿನಕ್ಕೊಂದು ಉಪಕಾರ ಮಾಡಬೇಕು. ನಾವು ಅದನ್ನು ದಿನಚರಿಯಲ್ಲಿ ಬರೆದು ಸಂಜೆ ತೋರಿಸಬೇಕಾಗಿತ್ತು. ಶಿಬಿರದಲ್ಲಿ ಮೂವತ್ತು ಜನ. ಉಪಕಾರಕ್ಕೆಂದು ಬಿಡುತ್ತಿದ್ದದ್ದು ಅರ್ಧ ತಾಸು. ಶಾಲೆಯ ಎದುರು ದಿನಾ ಆ ಹೊತ್ತಿಗೆ ಹಾದುಹೋಗುತ್ತಿದ್ದದ್ದು ಮೀನಿನ ಬುಟ್ಟಿ ಹೊತ್ತ ಒಬ್ಬಳು ಮುದುಕಿ.

ಮೊದಲ ದಿನ ಇಬ್ಬರು ಅವಳ ಬುಟ್ಟಿ ಹೊತ್ತರು. ಎರಡನೇ ದಿನ ಐದು ಜನ. ಮೂರನೇ ದಿನ ನಾವು ಹನ್ನೊಂದು ಜನ ಖಾಕಿ ಚಡ್ಡಿ ಹಾಕಿಕೊಂಡು ರಸ್ತೆಯ ಅಂಚಿನಲ್ಲಿ ಸಾಲಾಗಿ ನಿಂತಿದ್ದೆವು. ಅವಳು ದೂರದಿಂದಲೇ ಕಂಡು, ಅದಿರಿನ ಲಾರಿಗಳ ಕೆಂಪು ಧೂಳಿನ ನಡುವೆಯೇ ರಸ್ತೆ ದಾಟಿ ಆಚೆ ಬದಿಗೆ ಹೋದಳು. ನಾವೂ ದಾಟಿದೆವು. ಅವಳು ಬುಟ್ಟಿ ಇಳಿಸಿ ಸೊಂಟಕ್ಕೆ ಕೈಕೊಟ್ಟು ನಿಂತಳು.

"ನನ್ನ ಬುಟ್ಟಿ ನಾನೇ ಹೊತ್ಕಂಡು ಹೋಗ್ತೆ. ನಿಮಗೆ ಅಷ್ಟು ಪುಣ್ಯ ಬೇಕಂದ್ರೆ ಮೀನು ತಕಳ್ರಾ!"

ತಗೊಂಡೆವು. ನಮ್ಮ ಮಾಸ್ತರ ಒಂದು ಪೊಟ್ಟಣ ಒಣ ಸೀಗಡಿ ಕೊಂಡ. ನನ್ನನ್ನು ನೋಡಿ ಅವಳು, "ಮನೇಲಿ ಎಷ್ಟು ಜನ?" ಎಂದಳು. "ಒಬ್ಬನೇ" ಎಂದೆ. ಅವಳು ನನ್ನ ಚಡ್ಡಿಯನ್ನೂ ಬೂಟನ್ನೂ ಮೇಲಿಂದ ಕೆಳಗಿನವರೆಗೆ ನೋಡಿ, "ಹೌದು, ಯಾರಾದ್ರೂ ಇದ್ದಿದ್ರೆ ಹಿಂಗೆ ಹೊರಗೆ ಬಿಡ್ತಿದ್ರಾ?" ಎಂದಳು.

ಪ್ರಥಮ ಚಿಕಿತ್ಸೆ

ಶಿಬಿರದ ಅಡುಗೆ ಸಸ್ಯಾಹಾರಿ. ನಾಲ್ಕನೇ ದಿನಕ್ಕೆ ಕರಾವಳಿಯ ಮೂವತ್ತು ಜನ ಬೇಳೆ ಸಾರನ್ನು ಶತ್ರುವಿನಂತೆ ನೋಡತೊಡಗಿದ್ದರು. ನಮ್ಮ ಗುಂಪಿಗೆ ಮಾತ್ರ ಬೆಳಗಿನ ಗಂಜಿ ಹೇಗೋ ರುಚಿಯಾಗಿರುತ್ತಿತ್ತು. ಒಣ ಸೀಗಡಿಯನ್ನು ಎಲ್ಲಿ ಅಡಗಿಸಿದ್ದಾನೆಂದು ಮಾಸ್ತರ ನಮಗೂ ಹೇಳಿರಲಿಲ್ಲ.

ಒಂದೇ ಕೋಣೆಯಲ್ಲಿ ಮಲಗುತ್ತಿದ್ದ ಆರು ಜನರಲ್ಲಿ ನಾಲ್ವರು ಗೊರಕೆಯವರು. ಬೆಳಿಗ್ಗೆ ಒಬ್ಬರ ಮೇಲೊಬ್ಬರು ದೂರು ಹೇಳಿಕೊಳ್ಳುತ್ತಿದ್ದರು. ನಾನು ಗಂಜಿ ಉಣ್ಣುತ್ತಿದ್ದೆ. ಮೂರು ವರ್ಷದಲ್ಲಿ ಅಷ್ಟು ಚೆನ್ನಾಗಿ ನಿದ್ದೆ ಬಂದದ್ದು ಅಲ್ಲೇ ಎಂದು ಹೇಗೆ ಹೇಳುವುದು?

ಐದನೇ ದಿನ ಪ್ರಥಮ ಚಿಕಿತ್ಸೆಯ ಪರೀಕ್ಷೆ. ನಾನು ಗಾಯಾಳು, ಕಾಲು ಚಾಚಿ ಬಿದ್ದುಕೊಂಡಿದ್ದೆ. ಸರ್ ಬಂದು, "ರಕ್ತ ಹರಿಯುತ್ತಿದೆ, ಬೇಗ!" ಎಂದು ತಾವೇ ನಮ್ಮ ಗುಂಪಿನ ಚಿಕಿತ್ಸೆಯ ಪೆಟ್ಟಿಗೆ ತೆಗೆದರು. ತೆಗೆದವರು ಎರಡು ಹೆಜ್ಜೆ ಹಿಂದೆ ಸರಿದರು. ಹತ್ತಿಯ ಕೆಳಗೆ ಪೊಟ್ಟಣ.

"ಏನಿದು? ಇದು ಯಾವ ಗಾಯಕ್ಕೆ?"

ಮಾಸ್ತರ ತಲೆ ತಗ್ಗಿಸಿದ. "ಗಾಯಕ್ಕಲ್ಲ ಸರ್, ಗಂಜಿಗೆ."

ಫೋನು

ಸಂಜೆ ಆರರಿಂದ ಆರೂವರೆ ಮನೆಗೆ ಫೋನ್ ಮಾಡಲು ಬಿಡುತ್ತಿದ್ದರು. ಗೇಟಿನ ಪಕ್ಕದ ಚಹಾದಂಗಡಿಯಲ್ಲಿ ಒಂದು ಕಾಯಿನ್ ಬಾಕ್ಸ್ ಇತ್ತು. ಒಂದು ರೂಪಾಯಿ ಹಾಕಬೇಕು. ಆಚೆ ಯಾರಾದರೂ ಎತ್ತಿದರೆ ನಾಣ್ಯ ಟಕ್ ಅಂತ ಒಳಗೆ ಬೀಳುತ್ತದೆ, ಎತ್ತದಿದ್ದರೆ ವಾಪಸ್ಸು.

ಮೊದಲ ಸಂಜೆ ಎಲ್ಲರೂ ಸಾಲು ನಿಂತರು. ಜಗಲಿಯಲ್ಲಿ ಒಬ್ಬನೇ ಕೂರಲು ನಾಚಿಕೆಯಾಗಿ ನಾನೂ ನಿಂತೆ. ಪಾಳಿ ಬಂದೇಬಿಟ್ಟಿತು. ಯಾರಿಗೆ ಮಾಡುವುದು? ಬಾಯಿಗೆ ಬರುತ್ತಿದ್ದ ನಂಬರು ಒಂದೇ, ನನ್ನ ಮನೆಯದು. ಒತ್ತಿದೆ. ರಿಂಗಾಗತೊಡಗಿತು. ಬೀಗ ಹಾಕಿದ ಮನೆಯಲ್ಲಿ, ಸ್ಟೂಲಿನ ಮೇಲೆ ಅದು ಹೊಡೆದುಕೊಳ್ಳುತ್ತಿರುವುದು ಕಣ್ಣಿಗೆ ಕಟ್ಟಿತು. ಹಿಂದೆ ಮಾಸ್ತರ ನಿಂತಿದ್ದ. ಅವನಿಗಾಗಿ ನಾನು, "ಹಾಂ, ಊಟ ಆಯ್ತು. ಇಲ್ಲ, ಸೊಳ್ಳೆ ಅಷ್ಟೇನಿಲ್ಲ" ಎಂದೆ. ನಾಣ್ಯ ವಾಪಸ್ಸು ಬಂತು.

ಮೊದಲ ದಿನ ನಾಟಕ. ಮೂರನೇ ದಿನದ ಹೊತ್ತಿಗೆ ನಾಟಕವಾಗಿ ಉಳಿದಿರಲಿಲ್ಲ. ಗಂಟಿನ ಕತೆ ಹೇಳಿದೆ, ಮುದುಕಿಯ ಕತೆ ಹೇಳಿದೆ. ಹೆಂಡತಿ ಇದ್ದಾಗ ಇಷ್ಟು ಮಾತಾಡಿದವನಲ್ಲ ನಾನು. ಮಾಸ್ತರ ಒಂದು ದಿನ ತಡೆಯಲಾರದೆ ಹೇಳಿದ: "ನಿಮ್ಮ ಮನೆಯವರು ಎಷ್ಟು ಚಲೋ ಮಾರಾಯ್ರೆ! ನೀವು ಹೇಳೂದೆಲ್ಲ ಬಾಯಿ ಹಾಕ್ದೆ ಕೇಳ್ತಾರೆ. ನನ್ನವಳು ನಂಗೆ ಹಲೋ ಹೇಳೂಕೂ ಬಿಡೂದಿಲ್ಲ."

ಏಳನೇ ದಿನ ಸಂಜೆ ಫಲಿತಾಂಶ ಓದಿದರು. ನನ್ನ ಹೆಸರು ಕೊನೆಯಿಂದ ಎರಡನೆಯದು. ಇತ್ತು, ಅಷ್ಟು ಸಾಕು. ರವಿವಾರ ಉಳಿಯಿತು. ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಓಡಿ ಅದೇ ರೂಪಾಯಿ ಹಾಕಿ ನಂಬರು ಒತ್ತಿದೆ. ರಿಂಗಾಗುತ್ತಿದ್ದಂತೆಯೇ ಶುರು ಮಾಡಿದೆ: "ಕೇಳ್ತಾ? ಪಾಸಾದೆ!"

ಟಕ್. ನಾಣ್ಯ ಒಳಗೆ ಬಿದ್ದದ್ದು ಗೊತ್ತಾಗುವುದರೊಳಗೆ ನಗುತ್ತ ಇನ್ನೊಮ್ಮೆ, "ಪಾಸಾದೆ!" ಎಂದುಬಿಟ್ಟಿದ್ದೆ.

"ಹಲೋ, ಯಾರು?" ಎಂದಿತು ಹೆಂಗಸಿನ ದನಿ.

ನಿಜವಾಗಿ ಹೇಳುತ್ತೇನೆ, ಒಂದು ಗಳಿಗೆ ನಾನು ನಂಬಿಬಿಟ್ಟೆ.

"ಈ ಮನೆಯವರು ಇಲ್ರಾ" ಎಂದಿತು ದನಿ. "ನಾನು ಬಾಜೂ ಮನೆಯವಳು. ಪಂಪ್ ಹಾಕೂಕೆ ಕೀಲಿಕೈ ಕೊಟ್ಟು ಹೋಗಿದ್ರು. ದಿನಾ ಇದೇ ಹೊತ್ತಿಗೆ ಫೋನ್ ಹೊಡ್ಕಂತದೆ. ಪಾಪ, ಆ ಮನುಷ್ಯಂಗೆ ಫೋನ್ ಮಾಡುವವರೇ ಇಲ್ಲ, ಯಾರೋ ಒಬ್ರು ಮಾಡ್ತಿದ್ದಾರಲ್ಲ ಅಂತ ಇವತ್ತು ಓಡಿ ಬಂದು ಎತ್ತಿದೆ. ನೀವ್ಯಾರು ಅಂತ ಹೇಳೂದು?"

ಅವಳಿಗೆ ನನ್ನ ದನಿ ಗುರುತಾಗಲಿಲ್ಲ. ಹೇಗೆ ಆದೀತು? ಮೂರು ವರ್ಷದಲ್ಲಿ ಅವಳಿಗೆ 'ಹೂಂ' ಬಿಟ್ಟು ಬೇರೇನೂ ಹೇಳಿದವನಲ್ಲ.

"ಪರಿಚಯದವರು" ಎಂದೆ.

"ನಾಳೆ ಬರ್ತಾರೆ. ಆಗ ಮಾಡಿ ಹಾಂ, ಮರೀಬೇಡಿ."

ಹಿಂದೆ ಮಾಸ್ತರ, "ಇವತ್ತು ಅವರೂ ಮಾತಾಡಿದ್ರು ಅಲ್ರಾ?" ಎಂದು ಖುಷಿಪಟ್ಟ.

ಮರುದಿನ ಟ್ರಂಕು ಹಿಡಿದು ಮನೆಯ ಎದುರು ರಿಕ್ಷಾ ಇಳಿದೆ. ಬಾಜೂ ಮನೆಯವಳು ಕೀಲಿಕೈ ತಂದಳು.

"ಸಾಹೇಬ್ರೆ, ನಿಮ್ಮ ಪರಿಚಯದವರು ಒಬ್ರು ದಿನಾ ಫೋನ್ ಮಾಡ್ತಿದ್ರು. ಎಂತದೋ ಪಾಸಾದ್ರಂತೆ."

"ಹೌದಾ?" ಎಂದೆ.

"ಹೌದು. ಎಷ್ಟು ಖುಷಿ ಇತ್ತು ಆ ದನಿಯಲ್ಲಿ!" ಅವಳು ಕೀಲಿಕೈಯನ್ನು ನನ್ನ ಕೈಗಿಟ್ಟು ಸ್ವಲ್ಪ ಗದರಿಸಿಯೇ ಹೇಳಿದಳು: "ಹಾಗೆ ನಗ್ತಾ ಇರುವವರ ಸಂಗಡ ನೀವೂ ಒಂಚೂರು ಬೆರೀಬೇಕು ಮಾರಾಯ್ರೆ. ಅವರನ್ನ ನೋಡಿ ಕಲೀರಿ."